ಬಟ್ಟೆ ಹರಿದ ಮೇಲೂ ಉಳಿದ ಲೇಸ್

ದೊಡ್ಡಮ್ಮನ ಹಳೇ ಬಟ್ಟೆಗಳ ನಡುವೆ ಒಂದು ಕರವಸ್ತ್ರ ಸಿಕ್ಕಿತು. ಬಟ್ಟೆ ಪೂರ್ತಿ ಪಿಸಿದು ಹೋಗಿತ್ತು. ಮಡಿಕೆ ಬಿದ್ದ ಕಡೆಯೆಲ್ಲ ಸೀಳು. ಆದರೆ ಅದರ ಅಂಚಿಗೆ ದೊಡ್ಡಮ್ಮ ತಮ್ಮ ಕೈಯಾರೆ ಹಾಕಿದ್ದ ಟ್ಯಾಟಿಂಗ್ ಲೇಸ್, ಅಂದರೆ ದಾರದ ಗಂಟುಗಳಿಂದಲೇ ಮಾಡಿದ ಲೇಸ್, ಗಟ್ಟಿಯಾಗಿಯೇ ಇತ್ತು. ಬಿಳಿ ಬಣ್ಣ ಸ್ವಲ್ಪ ಕೆನೆಬಣ್ಣಕ್ಕೆ ತಿರುಗಿತ್ತು, ಅಷ್ಟೇ. ಒಂದು ಸಂಜೆ ಸಣ್ಣ ಕತ್ತರಿ ಹಿಡಿದು ಕೂತೆ. ಲೇಸನ್ನು ಬಟ್ಟೆಗೆ ಹಿಡಿದಿದ್ದ ಹೊಲಿಗೆಗಳನ್ನು ಒಂದೊಂದಾಗಿ ಕತ್ತರಿಸಿದೆ. ಕೊನೆಯ ಹೊಲಿಗೆ ಬಿಟ್ಟಾಗ ನಾಲ್ಕೂ ಮೂಲೆ ಸಮೇತ ಇಡೀ ಲೇಸ್ ಒಂದು ಚೌಕಟ್ಟಿನ ಹಾಗೆ ಕೈಗೆ ಬಂತು. ಈಗ ಅದು ಹೊಸ ಬಟ್ಟೆಯ ಮೇಲಿದೆ.

ಅವತ್ತಿನಿಂದ ನಾನು ಯಾರಿಗಾದರೂ ಲೇಸ್ ಮಾಡಿಕೊಡುವಾಗ ಈ ವಿಷಯ ತಲೆಯಲ್ಲಿ ಇರುತ್ತದೆ. ಲೇಸಿನ ಆಯಸ್ಸು ಬಟ್ಟೆಯ ಆಯಸ್ಸಿಗಿಂತ ಜಾಸ್ತಿ. ಮುಂದೊಂದು ದಿನ ಯಾರೋ ಅದನ್ನು ಬಿಚ್ಚುತ್ತಾರೆ. ಅವರಿಗೆ ಬಿಚ್ಚುವುದು ಸುಲಭವಾಗಬೇಕು, ಅಲ್ವಾ?

ಟ್ಯಾಟಿಂಗ್ ಇಷ್ಟು ಗಟ್ಟಿ ಯಾಕೆ ಅಂದರೆ ಅದು ಶುರುವಿನಿಂದ ಕೊನೆಯವರೆಗೆ ಬರೀ ಗಂಟು. ಹೆಣಿಗೆಯಲ್ಲೂ ಕ್ರೋಶಾದಲ್ಲೂ ಕುಣಿಕೆಯೊಳಗೆ ಕುಣಿಕೆ ಇರುತ್ತದೆ. ಒಂದು ತುದಿ ಬಿಟ್ಟರೆ ಎಳೆದಷ್ಟೂ ಬಿಚ್ಚಿಕೊಳ್ಳುತ್ತದೆ. ಟ್ಯಾಟಿಂಗ್‌ನಲ್ಲಿ ಒಂದು ಎಳೆ ಸೀದಾ ಒಳಗೆ ಹೋಗುತ್ತದೆ, ಇನ್ನೊಂದು ಎಳೆ ಅದರ ಮೇಲೆ ಗಂಟಾಗಿ ಕೂರುತ್ತದೆ. ಎರಡು ಅರ್ಧಗಂಟು ಸೇರಿದರೆ ಒಂದು ಡಬಲ್ ಸ್ಟಿಚ್. ನಾನು ಅದಕ್ಕೆ ಜೋಡಿಗಂಟು ಅನ್ನುತ್ತೇನೆ. ಈ ಜೋಡಿಗಂಟುಗಳ ಸಾಲನ್ನು ಎಳೆದು ಉಂಗುರ ಮಾಡಿದರೆ ರಿಂಗ್, ಬಿಲ್ಲಿನ ಹಾಗೆ ಬಾಗಿಸಿ ಬಿಟ್ಟರೆ ಚೈನ್. ಗಂಟುಗಳ ನಡುವೆ ಬಿಟ್ಟ ಪುಟ್ಟ ಕುಣಿಕೆ ಪಿಕೋ. ಇಡೀ ಕಲೆ ಈ ಮೂರರಲ್ಲೇ ಇದೆ.

ಫ್ರಾನ್ಸಿನಲ್ಲಿ ಇದನ್ನು ಫ್ರಿವೊಲಿತೆ ಅನ್ನುತ್ತಾರೆ. ಇಟಲಿಯಲ್ಲಿ ಇದರ ಹೆಸರಿಗೂ ಹರಟೆ ಅನ್ನುವ ಮಾತಿಗೂ ಒಂದೇ ಮೂಲ. ಜರ್ಮನರು ಒಕ್ಕಿ ಅನ್ನುತ್ತಾರೆ, ಅದು ಇಟಾಲಿಯನ್ ಮಾತು, ಅರ್ಥ ಕಣ್ಣುಗಳು. ರಿಂಗುಗಳ ಸಾಲನ್ನು ನೋಡಿದರೆ ಆ ಹೆಸರು ಎಷ್ಟು ಸರಿ ಅಂತ ಗೊತ್ತಾಗುತ್ತದೆ. ಮೊದಮೊದಲು ರಿಂಗುಗಳನ್ನು ಬಿಡಿಬಿಡಿಯಾಗಿ ಮಾಡಿ, ಆಮೇಲೆ ಸೂಜಿ ದಾರದಿಂದ ಕಟ್ಟಿ ಸೇರಿಸುತ್ತಿದ್ದರು. ಕೆಲಸ ಮಾಡುತ್ತಿರುವ ದಾರವನ್ನೇ ಪಕ್ಕದ ಪಿಕೋದೊಳಗಿಂದ ಎಳೆದು ಜಾಯಿನ್ ಮಾಡುವ ಪದ್ಧತಿ ಹರಡಿದ್ದು 1850ರ ದಶಕದಲ್ಲಿ. ನಾವು ಇವತ್ತು ಮಾಡುವುದೂ ಅದನ್ನೇ.

ಕಲಿಯುವಾಗ ನನಗೆ ಎಲ್ಲಕ್ಕಿಂತ ಕಷ್ಟವಾಗಿದ್ದು ಗಂಟು ಮಗುಚುವುದು. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ದಾರದ ತುದಿಯನ್ನು ಎಡಗೈಯ ಹೆಬ್ಬೆರಳು ತೋರುಬೆರಳಿನ ನಡುವೆ ಚಿವುಟಿ ಹಿಡಿಯಬೇಕು. ದಾರವನ್ನು ಉಳಿದ ಬೆರಳುಗಳ ಸುತ್ತ ಒಂದು ಸುತ್ತು ತಂದು ಮತ್ತೆ ಅದೇ ಚಿವುಟಿಗೆ ಸೇರಿಸಬೇಕು. ಷಟಲ್, ಅಂದರೆ ದಾರ ಸುತ್ತಿಟ್ಟುಕೊಳ್ಳುವ ಪುಟ್ಟ ದೋಣಿಯಂಥ ಸಾಧನ, ಬಲಗೈಯಲ್ಲಿ. ಬೆರಳ ಸುತ್ತಿನ ದಾರದ ಕೆಳಗಿಂದ ಷಟಲ್ ಹೋಗಿ ಮೇಲಿಂದ ವಾಪಸ್ ಬರುತ್ತದೆ. ಈಗ ಷಟಲಿನ ದಾರ ಸುತ್ತಿನ ದಾರದ ಮೇಲೆ ಗಂಟಾಗಿ ಕೂತಿರುತ್ತದೆ. ಅದು ತಪ್ಪು ಗಂಟು. ಅದನ್ನು ಸರಿ ಮಾಡುವುದು ಬಲಗೈ ಕೆಲಸ ಅಂತ ಎಲ್ಲರಿಗೂ ಅನ್ನಿಸುತ್ತದೆ. ಆದರೆ ಅದನ್ನು ಸರಿ ಮಾಡುವುದು ಎಡಗೈ. ಎಡಗೈ ಬೆರಳುಗಳನ್ನು ಸಡಿಲ ಬಿಟ್ಟು, ಷಟಲಿನ ದಾರವನ್ನು ಬಿಗಿಯಾಗಿ ಎಳೆದಾಗ ಗಂಟು ತಟ್ಟನೆ ಮಗುಚಿಕೊಳ್ಳುತ್ತದೆ. ಕಣ್ಣೆದುರೇ ಒಂದು ದಾರದಿಂದ ಇನ್ನೊಂದಕ್ಕೆ ದಾಟುತ್ತದೆ. ಆಮೇಲೆ ನಡುಬೆರಳನ್ನು ಎತ್ತಿದರೆ ಜಾರಿಕೊಂಡು ಬಂದು ತನ್ನ ಜಾಗದಲ್ಲಿ ಕೂರುತ್ತದೆ. ಎರಡನೇ ಅರ್ಧಕ್ಕೆ ಷಟಲ್ ಮೇಲಿಂದ ಹೋಗಿ ಕೆಳಗಿಂದ ಬರಬೇಕು. ಮಗುಚುವುದು ಮಾತ್ರ ಮೊದಲಿನ ಹಾಗೇ.

ನನಗೆ ಇದು ಕೈಗೆ ಹತ್ತಲು ಹನ್ನೊಂದು ದಿನ ಬೇಕಾಯಿತು. ಅಲ್ಲಿಯವರೆಗೆ ಮಾಡಿದ ಯಾವ ರಿಂಗೂ ಮುಚ್ಚಲಿಲ್ಲ. ಕೊನೆಗೆ ಷಟಲಿಗೆ ಕೆಂಪು ದಾರ ಸುತ್ತಿ, ಬೆರಳಿಗೆ ಬಿಳಿ ದಾರ ತಗೊಂಡು, ಎರಡನ್ನೂ ಗಂಟು ಹಾಕಿ ಅಭ್ಯಾಸ ಮಾಡಿದೆ. ಗಂಟು ಬಿಳಿಯಾಗಿ ಕಂಡರೆ ಮಗುಚಿದೆ, ಕೆಂಪಾಗಿ ಕಂಡರೆ ಮಗುಚಿಲ್ಲ. ಅಷ್ಟು ಸರಳ. ಈಗ ಯಾರಾದರೂ ಕಲಿಯಲು ಬಂದರೆ ಮೊದಲ ದಿನವೇ ಎರಡು ಬಣ್ಣ ಕೊಡುತ್ತೇನೆ. ಇನ್ನೊಂದು ಪರೀಕ್ಷೆಯೂ ಇದೆ. ಪ್ರತಿ ಗಂಟು ಹಾಕಿದ ಮೇಲೆ ಷಟಲಿನ ದಾರವನ್ನು ಹಿಂದೆ ಮುಂದೆ ಎಳೆದು ನೋಡಿ. ಅದು ಗಂಟುಗಳೊಳಗೆ ಸರಾಗವಾಗಿ ಓಡಬೇಕು. ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲೇ ನಿಲ್ಲಿಸಿ, ಸೂಜಿಯಿಂದ ಆ ಒಂದು ಗಂಟನ್ನು ಬಿಡಿಸಿ. ಮುಂದೆ ಹೋದರೆ ಇಡೀ ರಿಂಗ್ ಹಾಳು.

ದಾರದ ವಿಷಯ. ಟ್ಯಾಟಿಂಗ್ ದಾರಕ್ಕೆ 10, 20, 40, 80 ಅಂತ ನಂಬರ್ ಇರುತ್ತದೆ. ನಂಬರ್ ಜಾಸ್ತಿಯಾದಷ್ಟೂ ದಾರ ತೆಳು. ಕಲಿಯಲು 10 ಅಥವಾ 20 ಸಾಕು. ಕರವಸ್ತ್ರದ ಅಂಚಿಗೆ 80 ಚೆಂದ, ಕೂದಲೆಳೆಯ ಹಾಗೆ ಕೂರುತ್ತದೆ. ಬಿಗಿಯಾಗಿ ಹುರಿಗೊಂಡ, ಮರ್ಸರೈಸ್ ಮಾಡಿದ (ಕ್ಷಾರದಲ್ಲಿ ಅದ್ದಿ ಹೊಳಪು, ಗಟ್ಟಿತನ ಬರಿಸಿದ) ಹತ್ತಿ ದಾರವೇ ಆಗಬೇಕು. ಸಡಿಲ ಹುರಿಯ ಕಸೂತಿ ದಾರ ಗಂಟು ಮಗುಚುವಾಗ ಎಳೆಎಳೆಯಾಗುತ್ತದೆ. ಷಟಲಿಗೆ ದಾರ ಸುತ್ತುವಾಗ ಅಂಚು ದಾಟಿ ತುಂಬಬೇಡಿ, ಹೊರಗೆ ಬಂದ ದಾರ ಮಾಸುತ್ತದೆ. ಕೆಲಸದ ನಡುವೆ ದಾರ ತಿರುಚಿಕೊಂಡರೆ ಷಟಲನ್ನು ಸುಮ್ನೆ ಕೆಳಗೆ ನೇತುಬಿಡಿ. ತಾನಾಗೇ ತಿರುಗಿ ಬಿಚ್ಚಿಕೊಳ್ಳುತ್ತದೆ.

ದೊಡ್ಡಮ್ಮನ ಲೇಸಿನ ವಿನ್ಯಾಸ ಎಲ್ಲೂ ಬರೆದಿರಲಿಲ್ಲ. ಭೂತಗನ್ನಡಿ ಇಟ್ಟು ಎಣಿಸಿದೆ. ರಿಂಗಿಗೆ 5-5-5-5, ಅಂದರೆ ಐದೈದು ಜೋಡಿಗಂಟಿಗೆ ಒಂದರಂತೆ ಮೂರು ಪಿಕೋ. ಚೈನಿಗೆ 5-5, ನಡುವೆ ಒಂದು ಪಿಕೋ. ಅಕ್ಕಪಕ್ಕದ ರಿಂಗುಗಳು ಬದಿಯ ಪಿಕೋದಲ್ಲಿ ಕೈಹಿಡಿದುಕೊಂಡಿದ್ದವು. ಚೈನಿನ ಪಿಕೋ ಬಟ್ಟೆಯ ಕಡೆಗೆ. ದೊಡ್ಡಮ್ಮನ ಮೊಮ್ಮಗಳಿಗೆ ಉಡುಗೊರೆ ಕೊಡಬೇಕು ಅಂದುಕೊಂಡಾಗ ಇದೇ ವಿನ್ಯಾಸ ತಗೊಂಡೆ.

ಮೊದಲು ಹನ್ನೆರಡು ರಿಂಗಿನ ಒಂದು ತುಂಡು ಮಾಡಿ, ಒಗೆದು, ಒಣಗಿಸಿ ಅಳೆದೆ. 13 ಸೆಂಟಿಮೀಟರ್ ಬಂತು. ಒಗೆಯದೆ ಅಳೆಯಬಾರದು, ನೀರು ಬಿದ್ದ ಮೇಲೆ ಅಳತೆ ಬದಲಾಗುತ್ತದೆ. ನನ್ನ ಬಟ್ಟೆಯ ಒಂದು ಬದಿ 28 ಸೆಂಟಿಮೀಟರ್. ಹಾಗಾದರೆ ಬದಿಗೆ 26 ರಿಂಗ್, ನಾಲ್ಕು ಬದಿಗೆ 104, ಮೂಲೆಗೆ ಒಂದೊಂದು ದೊಡ್ಡ ರಿಂಗ್, ಒಟ್ಟು 108. ಒಂದು ರಿಂಗ್ ಮತ್ತು ಚೈನಿಗೆ ನನಗೆ ಸುಮಾರು ಆರು ನಿಮಿಷ. ಎಲ್ಲಾ ಸೇರಿ ಹತ್ತಿರಹತ್ತಿರ ಹನ್ನೊಂದು ಗಂಟೆ. ದಿನಕ್ಕೆ ಅರ್ಧ ಗಂಟೆ ಅಂತ ಹಿಡಿದೆ. ಅದಕ್ಕಿಂತ ಜಾಸ್ತಿ ಕೂತರೆ ನನ್ನ ಕೈ ಬಿಗಿಯಾಗುತ್ತದೆ. ಕೈ ಬಿಗಿಯಾದ ದಿನದ ರಿಂಗ್ ಚಿಕ್ಕದಾಗಿ, ಸಾಲಿನಲ್ಲಿ ಎದ್ದು ಕಾಣುತ್ತದೆ.

ಪಿಕೋಗಳ ಎತ್ತರ ಒಂದೇ ಸಮ ಇರಬೇಕು. ನಾನು ರಟ್ಟಿನ ಪಟ್ಟಿಯೊಂದನ್ನು ಅಗಲ ನೋಡಿ ಕತ್ತರಿಸಿ, ಗಂಟುಗಳ ನಡುವೆ ಇಟ್ಟು ಅಳೆಯುತ್ತೇನೆ. ಬಿಟ್ಟ ಜಾಗದ ಅರ್ಧದಷ್ಟು ಪಿಕೋ ಎತ್ತರ ಬರುತ್ತದೆ. ಅನುಭವ ಇದ್ದವರು ಕಣ್ಣಳತೆಯಲ್ಲೇ ಮಾಡುತ್ತಾರೆ. ಆದರೆ ಉಳಿಯಬೇಕಾದ ಕೆಲಸಕ್ಕೆ ನನಗೆ ರಟ್ಟೇ ಬೇಕು.

ಅರವತ್ತನೇ ರಿಂಗಿನ ಆಸುಪಾಸಿನಲ್ಲಿ ಎಡವಿದೆ. ಒಂದು ರಿಂಗಿಗೆ 5-5-4-5 ಹಾಕಿ ಮುಚ್ಚಿಬಿಟ್ಟಿದ್ದೆ. ಆವಾಗಲೇ ನೋಡಿದ್ದರೆ ತೆರೆಯಬಹುದಿತ್ತು. ಮುಚ್ಚಿದ ರಿಂಗನ್ನು ತೆರೆಯಲು ಪಿಕೋ ಇರುವ ಜಾಗವೇ ಬಾಗಿಲು. ಪಿಕೋದ ಎರಡು ಪಕ್ಕದ ಗಂಟುಗಳನ್ನು ಉಗುರಿನಿಂದ ದೂರ ಎಳೆದರೆ ಪಿಕೋ ಚಪ್ಪಟೆಯಾಗಿ ಒಳಗಿನ ದಾರ ಕಾಣುತ್ತದೆ. ಆ ದಾರವನ್ನು ಸೂಜಿಯಿಂದ ಮೆಲ್ಲಗೆ ಮೀಟಿ ಎಳೆದರೆ ರಿಂಗ್ ಸ್ವಲ್ಪಸ್ವಲ್ಪವೇ ಅಗಲವಾಗುತ್ತದೆ. ನಾನು ತಪ್ಪು ನೋಡಿದ್ದು ಒಂಬತ್ತು ರಿಂಗ್ ಮುಂದೆ ಹೋದಮೇಲೆ. ಎಲ್ಲವೂ ಒಂದಕ್ಕೊಂದು ಜಾಯಿನ್ ಆಗಿತ್ತು. ಯಾರಿಗೂ ಕಾಣದು ಅಂತ ಮನೆಯವರೆಲ್ಲ ಹೇಳಿದರು. ನಿಜ, ಕಾಣುತ್ತಿರಲಿಲ್ಲ. ಆದರೆ ಆ ರಿಂಗ್ ಒಂದು ಕಡೆಗೆ ವಾಲಿತ್ತು, ಕಣ್ಣು ಪ್ರತಿಸಲ ಅಲ್ಲಿಗೇ ಹೋಗುತ್ತಿತ್ತು. ಒಂದು ದಿನ ಸುಮ್ಮನಿದ್ದು ಮಾರನೇ ದಿನ ಕತ್ತರಿಸಿದೆ. ಹಿಂದಿನ ಚೈನಿನ ಗಂಟುಗಳನ್ನು ಸೂಜಿಯಿಂದ ಬಿಡಿಸಿ, ಹೊಸ ದಾರ ಕಟ್ಟಲು ಬೇಕಾದಷ್ಟು ತುದಿ ಉಳಿಸಿಕೊಂಡು ಮತ್ತೆ ಶುರು ಮಾಡಿದೆ. ಈಗ ಪ್ರತಿ ರಿಂಗ್ ಮುಚ್ಚುವ ಮುಂಚೆ ಬಾಯಿಬಿಟ್ಟು ಎಣಿಸುತ್ತೇನೆ. ಆ ಹೊತ್ತಿನಲ್ಲಿ ಯಾರಾದರೂ ಮಾತಾಡಿಸಿದರೆ ತಲೆ ಎತ್ತುವುದಿಲ್ಲ.

ದಾರ ಮುಗಿಯುವಾಗಲೂ ಎಚ್ಚರ ಬೇಕು. ರಿಂಗಿನ ನಡುವೆ ಹೊಸ ದಾರ ಕಟ್ಟುವ ಹಾಗಿಲ್ಲ, ಗಂಟು ಸಿಕ್ಕಿಕೊಂಡು ರಿಂಗ್ ಮುಚ್ಚುವುದಿಲ್ಲ. ರಿಂಗ್ ಮುಚ್ಚಿ, ಮುಂದಿನದು ಶುರುವಾಗುವ ಬುಡದಲ್ಲೇ ಕಟ್ಟಬೇಕು. ತುದಿಗಳನ್ನು ಅಂಟು ಹಾಕಿ ಕತ್ತರಿಸುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಅಂಟು ವರ್ಷ ಕಳೆದಂತೆ ಹಳದಿಯಾಗುತ್ತದೆ, ಬಿರುಸಾಗುತ್ತದೆ. ತುದಿಯನ್ನು ತೆಳು ಸೂಜಿಗೆ ಪೋಣಿಸಿ, ಹಿಂಭಾಗದಲ್ಲಿ ಏಳೆಂಟು ಗಂಟುಗಳ ತಲೆಯ ಕೆಳಗೆ ತೂರಿಸಿ ಕತ್ತರಿಸುತ್ತೇನೆ. ನಿಧಾನದ ಕೆಲಸ. ಆದರೆ ದೊಡ್ಡಮ್ಮನ ಲೇಸಿನಲ್ಲಿ ದಾರ ಎಲ್ಲಿ ಶುರುವಾಗಿ ಎಲ್ಲಿ ಮುಗಿದಿತ್ತು ಅಂತ ಭೂತಗನ್ನಡಿ ಇಟ್ಟರೂ ನನಗೆ ಸಿಗಲಿಲ್ಲ.

ಕೊನೆಯ ರಿಂಗನ್ನು ಮೊದಲ ರಿಂಗಿಗೆ ಸೇರಿಸುವ ಜಾಗದಲ್ಲಿ ಹೊಸಬರು ಸೋಲುತ್ತಾರೆ. ಎಂದಿನಂತೆ ಎಳೆದರೆ ಆ ಪಿಕೋ ತಿರುಚಿಕೊಳ್ಳುತ್ತದೆ. ಮಾಡಿದ ಲೇಸನ್ನು ಪುಸ್ತಕದ ಹಾಳೆಯಂತೆ ಮಡಚಿ ಮೊದಲ ರಿಂಗಿನ ಬೆನ್ನು ಕಾಣುವಂತೆ ತರಬೇಕು. ಅದರ ಪಿಕೋವನ್ನು ಕ್ರೋಶಾ ಹುಕ್ಕಿನಲ್ಲಿ ಅರ್ಧ ಸುತ್ತು ತಿರುಗಿಸಿ ಆಮೇಲೆ ದಾರ ಎಳೆಯಬೇಕು. ಮಡಿಕೆ ಬಿಚ್ಚಿದಾಗ ಪಿಕೋ ನೇರವಾಗಿ ನಿಲ್ಲುತ್ತದೆ. ಇದನ್ನು ಹಳೇ ದಾರದಲ್ಲಿ ನಾಲ್ಕು ಸಲ ಮಾಡಿ ನೋಡಿ, ಆಮೇಲೆ ಅಸಲಿ ಕೆಲಸಕ್ಕೆ ಕೈ ಹಾಕಿದೆ.

ಮುಗಿದ ಲೇಸನ್ನು ಉಗುರುಬೆಚ್ಚಗಿನ ನೀರಲ್ಲಿ ಸೌಮ್ಯ ಸೋಪು ಹಾಕಿ ನೆನೆಸಿ, ಹಿಂಡದೆ, ಟವೆಲಿನ ನಡುವೆ ಒತ್ತಿ ನೀರು ತೆಗೆಯುತ್ತೇನೆ. ಫೋಮಿನ ಮೇಲೆ ಹರಡಿ ಒಂದೊಂದು ಪಿಕೋಗೂ ಗುಂಡುಸೂಜಿ ಚುಚ್ಚಿ ಒಣಗಲು ಬಿಡುತ್ತೇನೆ. ಗುಂಡುಸೂಜಿ ತುಕ್ಕು ಹಿಡಿಯದ್ದೇ ಆಗಬೇಕು. ಹಿಂದೊಮ್ಮೆ ಗೆಳತಿಯ ಮಗುವಿನ ಟೊಪ್ಪಿಗೆಗೆ ಮಾಡಿದ ಲೇಸಿಗೆ ಮನೆಯಲ್ಲಿದ್ದ ಸಾದಾ ಪಿನ್ನು ಚುಚ್ಚಿ ರಾತ್ರಿಯೆಲ್ಲ ಬಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಪಿಕೋ ಪಿಕೋಗೂ ಕಂದು ಚುಕ್ಕೆ. ಅದು ಹೋಗಲೇ ಇಲ್ಲ. ಇಡೀ ಲೇಸ್ ಮತ್ತೆ ಮಾಡಿದೆ.

ಬಟ್ಟೆಗೆ ಸೇರಿಸುವ ವಿಷಯದಲ್ಲಿ ನನ್ನದು ಒಂದೇ ಹಟ. ಬಟ್ಟೆಯ ಅಂಚಿನೊಳಗಿಂದಲೇ ದಾರ ಎಳೆದು ಲೇಸ್ ಕಟ್ಟುವ ವಿಧಾನವಿದೆ, ನೋಡಲು ಬಲು ಅಚ್ಚುಕಟ್ಟು. ಆದರೆ ಬಟ್ಟೆ ಹರಿದರೆ ಲೇಸ್ ಬಿಡಿಸುವುದು ಕಷ್ಟ. ಅದಕ್ಕೇ ನಾನು ಲೇಸನ್ನು ಬೇರೆಯಾಗಿ ಪೂರ್ತಿ ಮಾಡುತ್ತೇನೆ. ಆಮೇಲೆ ಲೇಸಿನ ದಾರಕ್ಕಿಂತ ತೆಳುವಾದ ಹೊಲಿಗೆ ದಾರದಿಂದ, ಒಂದೊಂದು ಚೈನಿನ ಪಿಕೋಗೂ ಎರಡು ಹೊಲಿಗೆ ಹಾಕಿ ಹಿಡಿಸುತ್ತೇನೆ. ತೆಳು ದಾರಕ್ಕೆ ಇನ್ನೊಂದು ಕಾರಣವೂ ಇದೆ. ಎಲ್ಲಾದರೂ ಸಿಕ್ಕಿ ಎಳೆದರೆ ಮೊದಲು ಹೊಲಿಗೆ ತುಂಡಾಗಬೇಕು, ಪಿಕೋ ಅಲ್ಲ. ದೊಡ್ಡಮ್ಮ ಮಾಡಿದ್ದೂ ಹೀಗೇ. ಆ ಸಂಜೆ ನಾನು ಕತ್ತರಿಸಿದ ಹೊಲಿಗೆಗಳು ಪಿಕೋಗೆ ಎರಡೆರಡೇ ಇದ್ದವು.

ಎತ್ತಿಡುವ ಲೇಸಿಗೆ ಗಂಜಿ ಹಾಕುವುದಿಲ್ಲ, ಹುಳು ಬರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ತೇವ ನಿಲ್ಲುತ್ತದೆ, ಬರಿಯ ಮರಕ್ಕೆ ತಾಗಿದರೆ ಬಣ್ಣ ಕೆಡುತ್ತದೆ. ಒಗೆದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ ಇಟ್ಟು, ಆಗಾಗ ತೆಗೆದು ಮಡಿಕೆ ಬದಲಿಸಿದರೆ ಸಾಕು.

ಕರವಸ್ತ್ರದ ಜೊತೆ ಒಂದು ಪುಟ್ಟ ಚೀಟಿಯನ್ನೂ ಕೊಟ್ಟೆ. ಅದರಲ್ಲಿ 5-5-5-5, ಚೈನಿಗೆ 5-5, ದಾರ 80, ಒಟ್ಟು 108 ರಿಂಗ್ ಅಂತ ಬರೆದಿದ್ದೆ. ಮೇಲೆ ದೊಡ್ಡಮ್ಮನ ಹೆಸರು, ಕೆಳಗೆ ನನ್ನ ಹೆಸರು. ಉಳಿದ ದಾರವನ್ನು ಒಂದು ಷಟಲಿಗೆ ಸುತ್ತಿ ಅದೇ ಡಬ್ಬಿಯಲ್ಲಿ ಇಟ್ಟೆ. ಹುಡುಗಿ ಕರವಸ್ತ್ರ ನೋಡಿದಳು, ಮುಟ್ಟಿ ನೋಡಿದಳು. ಆಮೇಲೆ ಷಟಲ್ ಎತ್ತಿಕೊಂಡು ಇದು ಹೇಗೆ ಹಿಡಿಯುವುದು ಅಂತ ಕೇಳಿದಳು. ಮಾರನೇ ದಿನ ಕೆಂಪು ದಾರ, ಬಿಳಿ ದಾರ ತಗೊಂಡು ಇಬ್ಬರೂ ಕೂತೆವು.