ಚಿಕ್ಕಂದಿನ ಥೀಮ್ ಪಾರ್ಕ್ ಹಾಳಾಗಿದೆಯಾ, ಸುಧಾರಿಸಿದೆಯಾ? ನೀವೇ ಪರೀಕ್ಷಿಸಿ ನೋಡುವುದು ಹೀಗೆ

ಇಪ್ಪತ್ತು ವರ್ಷ ಆದಮೇಲೆ ನನ್ನ ಚಿಕ್ಕಂದಿನ ಪಾರ್ಕಿಗೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ಗೇಟು ದಾಟಿ ಅರ್ಧ ಗಂಟೆಯೂ ಆಗಿರಲಿಲ್ಲ, "ಎಲ್ಲಾ ಹಾಳು ಮಾಡಿಬಿಟ್ಟಿದ್ದಾರೆ" ಅಂತ ಬಾಯಿಗೆ ಬಂದೇಬಿಟ್ಟಿತು. ನನ್ನ ಇಷ್ಟದ ದೋಣಿ ಸವಾರಿ ಇದ್ದ ಕಡೆ ತಗಡಿನ ಬೇಲಿ. ಅಪ್ಪ ಅಮ್ಮ ಕೂತು ಕಾಲು ಚಾಚುತ್ತಿದ್ದ ಕಲ್ಲು ಬೆಂಚಿನ ಜಾಗದಲ್ಲಿ ಫೋಟೊ ಮಾರುವ ಪುಟ್ಟ ಅಂಗಡಿ. ಆದರೆ ಸಂಜೆ ಹೊರಡುವಾಗ ಮಗಳು ದೀಪದ ಕಂಬ ತಬ್ಬಿಕೊಂಡು, ಬರೋದೇ ಇಲ್ಲ ಅಂತ ನಿಂತಳು. ನಾನು ನೋಡಿದ ಪಾರ್ಕೂ ಅವಳು ನೋಡಿದ ಪಾರ್ಕೂ ಒಂದೇ. ಹಾಗಾದರೆ ಇಬ್ಬರಲ್ಲಿ ಯಾರು ಸರಿ?

ಈ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಆಮೇಲೆ ಅದೇ ಪಾರ್ಕಿಗೆ ಇನ್ನೂ ಮೂರು ಸಲ ಹೋದೆ, ಜೇಬಿನಲ್ಲಿ ಒಂದು ಚಿಕ್ಕ ಪುಸ್ತಕ ಇಟ್ಟುಕೊಂಡು. ಆಗ ತಿಳಿದ ವಿಧಾನವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದು ಯಾವ ಪಾರ್ಕಿಗೂ ಆಗುತ್ತದೆ.

ಹೋಗುವ ಮುಂಚೆಯೇ ನೆನಪನ್ನು ಬರೆದಿಡಿ

ಇದನ್ನು ಮನೆಯಲ್ಲೇ ಮಾಡಿ, ಗೇಟಿನ ಹತ್ತಿರ ಹೋದಮೇಲೆ ಅಲ್ಲ. ಯಾವ ಸವಾರಿ, ಎಷ್ಟು ಹೊತ್ತು ಕಾದ ನೆನಪು, ಎಲ್ಲಿ ಕೂತಿರಿ, ಏನು ಕಂಡು ಹೆದರಿದಿರಿ, ಎಲ್ಲವನ್ನೂ ಬರೆಯಿರಿ. ಆಮೇಲೆ ಹಳೆಯ ಫೋಟೊ, ಮನೆಯವರು ತೆಗೆದ ವಿಡಿಯೊ, ಸಿಕ್ಕರೆ ಆಗಿನ ಪಾರ್ಕಿನ ನಕ್ಷೆ ಹುಡುಕಿ ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನನಗೆ ಕ್ಯೂ ಇದ್ದ ನೆನಪೇ ಇರಲಿಲ್ಲ. ಫೋಟೊದಲ್ಲಿ ನೋಡಿದರೆ ನಾನು ಅಪ್ಪನ ಹೆಗಲ ಮೇಲೆ ನಿದ್ದೆ ಮಾಡುತ್ತಿದ್ದೇನೆ, ಸುತ್ತ ಜನವೋ ಜನ. ಕಾದಿದ್ದು ಅಪ್ಪ. ನನಗೆ ನೆನಪು ಉಳಿದಿದ್ದು ಸವಾರಿ ಮಾತ್ರ.

ಗಾತ್ರದ ವಿಷಯದಲ್ಲೂ ಹೀಗೇ ಆಗುತ್ತದೆ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನ ಕೋಟೆಯ ಎತ್ತರ 77 ಅಡಿ ಅಷ್ಟೇ. ಮೇಲೆ ಹೋದಂತೆ ಕಲ್ಲುಗಳ ಗಾತ್ರ ಚಿಕ್ಕದು ಮಾಡುತ್ತಾ ಹೋಗಿ, ಅದು ಇರುವುದಕ್ಕಿಂತ ಎತ್ತರ ಕಾಣುವ ಹಾಗೆ ಕಟ್ಟಿದ್ದಾರೆ. ನಾಲ್ಕು ಅಡಿಯ ಮಗುವಿಗೆ ಅದು ಆಕಾಶ ಮುಟ್ಟುತ್ತದೆ. ದೊಡ್ಡವರಾಗಿ ಹೋದವರು "ಇಷ್ಟೇನಾ" ಅಂತಾರೆ. ಕೋಟೆ ಇದ್ದಷ್ಟೇ ಇದೆ, ಬೆಳೆದಿದ್ದು ನೋಡುವವರು. ಹೀಗಾಗಿ ನಿಮ್ಮ ಪಟ್ಟಿಯಲ್ಲಿ "ಚಿಕ್ಕದಾಗಿದೆ", "ಮೊದಲಿನ ಮಜಾ ಇಲ್ಲ" ಅನ್ನುವಂಥ ಸಾಲುಗಳನ್ನು ಬೇರೆ ಪುಟದಲ್ಲಿ ಬರೆಯಿರಿ. ಅವು ಸುಳ್ಳು ಅಂತಲ್ಲ, ಅವು ಪಾರ್ಕಿನ ಬಗ್ಗೆ ಏನೂ ಹೇಳುವುದಿಲ್ಲ.

ಇನ್ನೊಂದು ಮಾತು. ಹಳೆಯದೆಲ್ಲ ಚೆನ್ನಾಗಿತ್ತು ಅಂದುಕೊಳ್ಳುವ ಮುಂಚೆ ಆ ಡಿಸ್ನಿಲ್ಯಾಂಡಿನ ಮೊದಲ ದಿನವನ್ನೇ ನೋಡಿ. 1955ರ ಜುಲೈ 17. ಬಿಸಿಲಿಗೆ ಹೊಸ ಡಾಂಬರು ಮೆತ್ತಗಾಗಿ ಹೆಂಗಸರ ಹೈ ಹೀಲ್ಸ್ ಅದರೊಳಗೆ ಹೂತುಕೊಂಡವು. ಕೊಳಾಯಿ ಕೆಲಸದವರ ಮುಷ್ಕರದಿಂದಾಗಿ ಕುಡಿಯುವ ನೀರಿನ ನಲ್ಲಿಗಳು ಸಾಲಲಿಲ್ಲ. ನಕಲಿ ಟಿಕೆಟ್ ಹಿಡಿದು ಬಂದವರೂ ಸೇರಿ, ಕರೆದಿದ್ದಕ್ಕಿಂತ ಎಷ್ಟೋ ಜಾಸ್ತಿ ಜನ ಒಳಗೆ ನುಗ್ಗಿದ್ದರು. ಎಪ್ಪತ್ತು ವರ್ಷದಿಂದ ಜನ ಪ್ರೀತಿಸುತ್ತಿರುವ ಪಾರ್ಕು ಶುರುವಾಗಿದ್ದು ಹೀಗೆ.

ಗಡಿಯಾರ ಹಿಡಿದು ಒಂದು ದಿನ ಕಳೆಯಿರಿ

ಅನಿಸಿಕೆ ಬಿಟ್ಟು ಲೆಕ್ಕಕ್ಕೆ ಬನ್ನಿ. ಗೇಟು ತೆರೆದ ಹೊತ್ತಿನಿಂದ ಮುಚ್ಚುವ ತನಕ, ಎಷ್ಟು ನಿಮಿಷ ಕ್ಯೂನಲ್ಲಿ, ಎಷ್ಟು ನಿಮಿಷ ಸವಾರಿಯಲ್ಲಿ, ಎಷ್ಟು ನಿಮಿಷ ಫೋನು ನೋಡುತ್ತಾ, ಎಷ್ಟು ನಿಮಿಷ ಸುಮ್ನೆ ಕೂತು ಖುಷಿಪಟ್ಟಿದ್ದು, ಇಷ್ಟನ್ನು ಗುರುತು ಹಾಕಿಕೊಳ್ಳಿ. ಮೂರನೆಯದನ್ನು ಬಿಡಬೇಡಿ. ಈಗ ಎಷ್ಟೋ ಪಾರ್ಕುಗಳಲ್ಲಿ ಸಮಯ ಕಾದಿರಿಸುವುದು, ಊಟ ಹೇಳುವುದು ಎಲ್ಲಾ ಆಪ್‌ನಲ್ಲೇ. ಕ್ಯೂ ಕಡಿಮೆಯಾಗಿದೆ ಅನಿಸುತ್ತದೆ, ಆದರೆ ಆ ಹೊತ್ತು ಪೂರ್ತಿ ತಲೆ ತಗ್ಗಿಸಿ ಪರದೆ ನೋಡುತ್ತಿರುತ್ತೀರಿ. ಅದನ್ನೂ ಕಾಯುವಿಕೆ ಅಂತಲೇ ಎಣಿಸಿ.

ಪಾರ್ಕನ್ನು ಚೆನ್ನಾಗಿ ನಡೆಸುತ್ತಿದ್ದಾರೋ ಇಲ್ಲವೋ ಅಂತ ಹತ್ತೇ ನಿಮಿಷದಲ್ಲಿ ತಿಳಿಯುವ ಒಂದು ಪರೀಕ್ಷೆ ಇದೆ. ರೋಲರ್ ಕೋಸ್ಟರ್ ಹೊರಡುವ ಜಾಗ ಕಾಣುವ ಕಡೆ ನಿಂತುಕೊಳ್ಳಿ. ಒಂದು ರೈಲು ಹೊರಟ ಕೂಡಲೇ ಫೋನಿನ ಸ್ಟಾಪ್‌ವಾಚ್ ಒತ್ತಿ, ಮುಂದಿನದು ಹೊರಟಾಗ ನಿಲ್ಲಿಸಿ. ಹೀಗೆ ಐದಾರು ಸಲ ಮಾಡಿ. ರೈಲಿನಲ್ಲಿ 24 ಸೀಟು ಇವೆ ಅಂದುಕೊಳ್ಳಿ. 40 ಸೆಕೆಂಡಿಗೊಂದು ಹೊರಟರೆ ಗಂಟೆಗೆ 90 ರೈಲು, 2160 ಜನ. 60 ಸೆಕೆಂಡಿಗೊಂದು ಹೊರಟರೆ 1440 ಜನ. ಇಪ್ಪತ್ತು ಸೆಕೆಂಡ್ ಎಳೆದಿದ್ದಕ್ಕೆ ಗಂಟೆಗೆ 720 ಜನ ಬಿಸಿಲಲ್ಲೇ ಉಳಿದರು.

ತಡ ಯಾಕೆ ಅನ್ನುವುದೂ ಅಲ್ಲೇ ಕಾಣುತ್ತದೆ. ಬೆಲ್ಟು ನೋಡುವವರು ನಾಲ್ಕು ಜನ ಇರಬೇಕಾದ ಕಡೆ ಇಬ್ಬರೇ ಇದ್ದಾರಾ? ಸೀಟುಗಳು ಖಾಲಿ ಹೋಗುತ್ತಿವೆಯಾ? ಇಲ್ಲ, ಓಡುತ್ತಿರುವುದೇ ಒಂದು ರೈಲಾ? ಕೋಸ್ಟರಿನ ಹಳಿಯನ್ನು ಭಾಗ ಭಾಗ ಮಾಡಿ, ಒಂದು ಭಾಗದಲ್ಲಿ ಒಂದೇ ರೈಲು ಇರುವ ಹಾಗೆ ಬ್ರೇಕು ಇಟ್ಟಿರುತ್ತಾರೆ. ಹೀಗಾಗಿಯೇ ಒಂದೇ ಹಳಿಯ ಮೇಲೆ ಎರಡು ಮೂರು ರೈಲು ಡಿಕ್ಕಿಯಾಗದೆ ಓಡುತ್ತವೆ. ಖರ್ಚು ಉಳಿಸಲು ಒಂದನ್ನು ಶೆಡ್ಡಿನಲ್ಲಿ ನಿಲ್ಲಿಸಿದರೆ ಸಾಲು ತಾನಾಗಿ ಉದ್ದವಾಗುತ್ತದೆ. ಮಳೆಗಾಲದ ಖಾಲಿ ದಿನ ಒಂದೇ ರೈಲು ಓಡಿಸಿದರೆ ತಪ್ಪಿಲ್ಲ. ಜನ ತುಂಬಿದ ದಿನವೂ ಹೀಗೇ ಇದ್ದರೆ ಅದನ್ನು ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆಯಿರಿ. ಆದರೆ ಬೆಲ್ಟು ಎರಡೆರಡು ಸಲ ಎಳೆದು ನೋಡುವುದರಿಂದ ತಡವಾಗುತ್ತಿದ್ದರೆ ಅದು ಸುಧಾರಣೆ. ಆ ಹತ್ತು ಸೆಕೆಂಡಿಗೆ ಗೊಣಗಬೇಡಿ.

ಟಿಕೆಟಿನಲ್ಲಿ ಏನೇನು ಸೇರಿದೆ?

ಬೆಲೆ ಏರಿದೆ ಅನ್ನುವುದು ಎಲ್ಲರ ದೂರು. ಬರೀ ಅಂಕಿ ನೋಡಿದರೆ ಏನೂ ತಿಳಿಯುವುದಿಲ್ಲ, ಆ ದುಡ್ಡಿಗೆ ಏನು ಸಿಗುತ್ತಿತ್ತು ಅಂತ ನೋಡಬೇಕು. ಮತ್ತೆ ಡಿಸ್ನಿಲ್ಯಾಂಡ್‌ನದೇ ಉದಾಹರಣೆ, ಯಾಕೆಂದರೆ ಅದರ ಲೆಕ್ಕ ತುಂಬ ಜನಕ್ಕೆ ಗೊತ್ತು. 1955ರಲ್ಲಿ ದೊಡ್ಡವರಿಗೆ ಪ್ರವೇಶ ಒಂದು ಡಾಲರ್. ಕೇಳಿದರೆ ಆಹಾ ಅನಿಸುತ್ತದೆ ಅಲ್ವಾ? ಆದರೆ ಸವಾರಿಗಳಿಗೆ ಬೇರೆ ದುಡ್ಡು. ಕೂಪನ್ ಪುಸ್ತಕ ಕೊಳ್ಳಬೇಕಿತ್ತು, ಎ, ಬಿ, ಸಿ ಅಂತ ದರ್ಜೆಗಳು. 1959ರಲ್ಲಿ ಇ ಬಂತು, ಅದು ಎಲ್ಲಕ್ಕಿಂತ ಒಳ್ಳೆಯ ಸವಾರಿಗಳಿಗೆ. 1982ರಲ್ಲಿ ಕೂಪನ್ ನಿಂತು, ಒಂದೇ ಟಿಕೆಟಿಗೆ ಎಲ್ಲಾ ಸವಾರಿ ಅಂತಾಯಿತು. 1999ರಲ್ಲಿ ಡಿಸ್ನಿ ಪಾರ್ಕುಗಳಿಗೆ ಫಾಸ್ಟ್‌ಪಾಸ್ ಬಂತು, ಅಂದರೆ ಸಮಯ ಕಾದಿರಿಸಿಕೊಂಡು ಬೇರೆ ಚಿಕ್ಕ ಸಾಲಿನಲ್ಲಿ ಹೋಗುವ ಚೀಟಿ, ಅದು ಪುಕ್ಕಟೆ. 2021ರಿಂದ ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ ಅದರ ಜಾಗಕ್ಕೆ ದುಡ್ಡು ಕೊಟ್ಟು ಕೊಳ್ಳುವ ವೇಗದ ಸಾಲು ಬಂದಿದೆ.

ಅಂದರೆ "ಮೊದಲು ಎಲ್ಲಾ ಸೇರಿತ್ತು" ಅನ್ನುವ ಮಾತು ನೀವು ಹುಟ್ಟಿದ ವರ್ಷದ ಮೇಲೆ ನಿಂತಿದೆ. ಅರವತ್ತರ ದಶಕದ ಮಗುವಿನ ಕೈಯಲ್ಲಿ ಕೂಪನ್ ಇತ್ತು, ತೊಂಬತ್ತರ ದಶಕದ ಮಗುವಿಗೆ ಅದರ ಹೆಸರೂ ಗೊತ್ತಿಲ್ಲ. ನಿಮ್ಮ ಪಾರ್ಕಿನಲ್ಲೂ ಇದನ್ನೇ ಮಾಡಿ. ಆಗ ಟಿಕೆಟಿನಲ್ಲಿ ಇದ್ದಿದ್ದು, ಈಗ ಇರುವುದು, ಎರಡು ಕಾಲಮ್ಮು ಹಾಕಿ. ಲಾಕರ್, ಪಾರ್ಕಿಂಗ್, ಕುಡಿಯುವ ನೀರು, ಪ್ರದರ್ಶನಗಳು, ಎಲ್ಲಾ ಬರಲಿ.

ವೇಗದ ಸಾಲು ಇದ್ದರೆ ಅದರ ಲೆಕ್ಕ ಬೇರೆ ಮಾಡಿ. ಗಂಟೆಗೆ 2000 ಜನರನ್ನು ಹತ್ತಿಸುವ ಸವಾರಿ ಅಂದುಕೊಳ್ಳೋಣ. ಅದರಲ್ಲಿ 1600 ಜಾಗ ವೇಗದ ಸಾಲಿಗೆ ಹೋದರೆ ಮಾಮೂಲಿ ಸಾಲಿಗೆ ಉಳಿಯುವುದು 400. ನಿಮ್ಮ ಮುಂದೆ 400 ಜನ ಇದ್ದರೆ ಒಂದು ಗಂಟೆ ಕಾಯಬೇಕು. ವೇಗದ ಸಾಲೇ ಇಲ್ಲದಿದ್ದರೆ ಅದೇ 400 ಜನ ಕರಗಲು 12 ನಿಮಿಷ ಸಾಕು. ಆಗ ವೇಗದ ಸಾಲಿನವರೂ ನಿಮ್ಮ ಮುಂದೆಯೇ ನಿಂತಿರುತ್ತಿದ್ದರು, ನಿಜ. ಆದರೆ ಸಾಲು ಮುಂದೆ ಹೋಗುತ್ತಿತ್ತು, ಮಕ್ಕಳಿಗೆ ಹತ್ತಿರವಾಗುತ್ತಿದ್ದೇವೆ ಅಂತ ಕಾಣುತ್ತಿತ್ತು. ಪಕ್ಕದಲ್ಲೇ ಇನ್ನೊಬ್ಬರು ಸರಸರ ನಡೆದು ಹೋಗುವುದನ್ನು ನೋಡುತ್ತಾ ಒಂದೇ ಟೈಲ್ಸಿನ ಮೇಲೆ ಇಪ್ಪತ್ತು ನಿಮಿಷ ನಿಂತ ಮಗುವಿನ ಮುಖ ನಾನು ನೋಡಿದ್ದೇನೆ. ನನ್ನ ಮಟ್ಟಿಗೆ ಇದು ದೊಡ್ಡ ಹಿನ್ನಡೆ, ಅದನ್ನು ಮುಚ್ಚಿಡುವುದಿಲ್ಲ.

ಹೋದ ಸವಾರಿ ಏನು ಕೆಲಸ ಮಾಡುತ್ತಿತ್ತು?

ಹೆಚ್ಚಿನವರು ಎಡವುವುದು ಇಲ್ಲೇ. ಹೊಸ ದೊಡ್ಡ ಸವಾರಿ ಬಂದರೆ ಪಾರ್ಕು ಬೆಳೆಯಿತು ಅಂತಾರೆ, ಹಳೆಯದು ಹೋದರೆ ಸತ್ತಿತು ಅಂತಾರೆ. ಎರಡೂ ಅವಸರದ ಮಾತು. ಹೋದದ್ದು ಆ ಪಾರ್ಕಿನ ದಿನದಲ್ಲಿ ಏನು ಕೆಲಸ ಮಾಡುತ್ತಿತ್ತು, ಬಂದದ್ದು ಆ ಕೆಲಸ ಮಾಡುತ್ತಿದೆಯಾ ಅಂತ ಕೇಳಿ.

ಡಿಸ್ನಿಲ್ಯಾಂಡಿನ ಪೀಪಲ್‌ಮೂವರ್ ಕಥೆ ಕೇಳಿ. 1967ರಲ್ಲಿ ಶುರುವಾಯಿತು. ತಲೆಯ ಮೇಲಿನ ಹಾದಿಯಲ್ಲಿ ನಿಲ್ಲದೆ ಮೆಲ್ಲಗೆ ಸಾಗುವ ಪುಟ್ಟ ಗಾಡಿಗಳು. ರೋಮಾಂಚನ ಏನೂ ಇಲ್ಲ. ಅಜ್ಜಿಗೆ ಕಾಲು ನೋವಾದರೆ, ಮಗುವಿಗೆ ನಿದ್ದೆ ಬಂದರೆ ಹತ್ತಿ ಕೂರುವ ಸವಾರಿ ಅದು. 1995ರಲ್ಲಿ ಮುಚ್ಚಿದರು. ಅದೇ ಹಾದಿಯ ಮೇಲೆ 1998ರಲ್ಲಿ ರಾಕೆಟ್ ರಾಡ್ಸ್ ಅನ್ನುವ ವೇಗದ ಗಾಡಿ ಬಂತು. ಮೆಲ್ಲಗೆ ಹೋಗಲು ಕಟ್ಟಿದ ಹಾದಿ, ತಿರುವುಗಳಲ್ಲಿ ಓರೆ ಇರಲಿಲ್ಲ. ಹೀಗಾಗಿ ಪ್ರತಿ ತಿರುವಿಗೂ ವೇಗ ಇಳಿಸಿ ಮತ್ತೆ ಏರಿಸಬೇಕಿತ್ತು, ಗಾಡಿಗಳು ಪದೇ ಪದೇ ಕೆಟ್ಟವು. 2000ದಲ್ಲಿ ಅದೂ ನಿಂತಿತು. ಆಮೇಲೆ ಎಷ್ಟೋ ವರ್ಷ ಆ ಹಾದಿ ಮೇಲೆ ಖಾಲಿ ನಿಂತಿತ್ತು. ವೇಗ ಬಂತು, ಹೋಯಿತು. ಅಜ್ಜಿಯ ಸೀಟು ಮಾತ್ರ ವಾಪಸ್ ಬರಲಿಲ್ಲ.

ತಿದ್ದಿಕೊಂಡ ಉದಾಹರಣೆಗಳೂ ಇವೆ. ಫ್ಲಾರಿಡಾದಲ್ಲಿರುವ ಡಿಸ್ನಿಯದೇ ಪಾರ್ಕು ಎಪ್ಕಾಟ್‌ನಲ್ಲಿ ಕಲ್ಪನೆಯ ಬಗ್ಗೆ ಒಂದು ಸವಾರಿ ಇದೆ. 1983ರಿಂದ ಅದರ ಜೀವ ಫಿಗ್ಮೆಂಟ್ ಅನ್ನುವ ನೇರಳೆ ಬಣ್ಣದ ಡ್ರ್ಯಾಗನ್ ಮರಿ. 1999ರಲ್ಲಿ ಸವಾರಿಯನ್ನು ಬದಲಾಯಿಸಿ ಅವನನ್ನು ಹೆಚ್ಚುಕಡಿಮೆ ಕೈಬಿಟ್ಟರು. ಜನಕ್ಕೆ ಸಿಟ್ಟು ಬಂತು. 2002ರಲ್ಲಿ ಅವನನ್ನು ಮತ್ತೆ ತಂದು ಕೂರಿಸಬೇಕಾಯಿತು. ಡಿಸ್ನಿಲ್ಯಾಂಡಿನ ಎದುರಿಗೇ 2001ರಲ್ಲಿ ಶುರುವಾದ ಕ್ಯಾಲಿಫೋರ್ನಿಯಾ ಅಡ್ವೆಂಚರ್ ಪಾರ್ಕು ಅಂತೂ ಮೊದಮೊದಲು ಯಾರಿಗೂ ಹಿಡಿಸಲಿಲ್ಲ, ಪುಟ್ಟ ಮಕ್ಕಳಿಗೆ ಅಲ್ಲಿ ಹೆಚ್ಚೇನೂ ಇರಲಿಲ್ಲ. ವರ್ಷಗಟ್ಟಲೆ ದುಡ್ಡು ಸುರಿದು, ಮುಂಬಾಗಿಲಿನಿಂದ ಹಿಡಿದು ಬದಲಾಯಿಸಿ, 2012ರಲ್ಲಿ ಕಾರ್ಸ್ ಸಿನಿಮಾದ ಮೇಲೆ ಕಟ್ಟಿದ ಕಾರ್ಸ್ ಲ್ಯಾಂಡ್ ತೆರೆದಮೇಲೆ ಅದರ ಬಗ್ಗೆ ಜನರ ಮಾತೇ ಬದಲಾಯಿತು. ಪಾರ್ಕು ಒಂದೇ ದಿಕ್ಕಿಗೆ ಹೋಗುತ್ತದೆ ಅಂತ ಏನೂ ಇಲ್ಲ.

ಮರದ ಕೋಸ್ಟರುಗಳ ವಿಷಯದಲ್ಲಿ ಸ್ವಲ್ಪ ತಾಳ್ಮೆ ಇರಲಿ. ವಯಸ್ಸಾದಂತೆ ಅವು ಬೆನ್ನು ಮುರಿಯುವ ಹಾಗೆ ಕುಲುಕುತ್ತವೆ. ಅಮೆರಿಕದ ಸಿಕ್ಸ್ ಫ್ಲ್ಯಾಗ್ಸ್ ಓವರ್ ಟೆಕ್ಸಾಸ್ ಪಾರ್ಕಿನ 1990ರ ಟೆಕ್ಸಾಸ್ ಜೈಂಟ್ ಕೋಸ್ಟರಿಗೆ ಮರದ ಚೌಕಟ್ಟು ಉಳಿಸಿಕೊಂಡು ಉಕ್ಕಿನ ಹಳಿ ಹಾಕಿ 2011ರಲ್ಲಿ ಮತ್ತೆ ಬಿಟ್ಟರು. ಕೋಪನ್‌ಹೇಗನ್ನಿನ ಟಿವೊಲಿ ಪಾರ್ಕಿನಲ್ಲಿ 1914ರ ಮರದ ಕೋಸ್ಟರ್ ಇವತ್ತಿಗೂ ಓಡುತ್ತಿದೆ, ಬ್ರೇಕು ಹಾಕುವ ನೌಕರ ರೈಲಿನಲ್ಲೇ ಕೂತಿರುತ್ತಾನೆ. ಒಬ್ಬರು ಬದಲಾಯಿಸಿ ಉಳಿಸಿಕೊಂಡರು, ಇನ್ನೊಬ್ಬರು ಹಾಗೇ ಇಟ್ಟು ಉಳಿಸಿಕೊಂಡರು. ನನಗೆ ಎರಡೂ ಇಷ್ಟ.

ದುಡ್ಡು ಹುಟ್ಟದ ಜಾಗಗಳನ್ನು ನೋಡಿ

ನನ್ನ ಕೇಳಿದರೆ ಇದೇ ದೊಡ್ಡ ಪರೀಕ್ಷೆ. ಹೊಸ ಸವಾರಿಗೆ ಎಲ್ಲರೂ ಖರ್ಚು ಮಾಡುತ್ತಾರೆ, ಅದನ್ನು ಜಾಹೀರಾತಿನಲ್ಲಿ ತೋರಿಸಬಹುದು. ಬೆಂಚು, ನೆರಳು, ಶೌಚಾಲಯ, ಉರಿಯದ ಬಲ್ಬು, ಇವನ್ನು ಯಾರೂ ಜಾಹೀರಾತು ಮಾಡುವುದಿಲ್ಲ. ನೆದರ್ಲೆಂಡ್ಸಿನ ಎಫ್ಟೆಲಿಂಗ್ ಪಾರ್ಕಿನಲ್ಲಿ 1959ರಿಂದ ಒಂದು ಕಸದ ಬುಟ್ಟಿ ಇದೆ. ದಪ್ಪ ಹೊಟ್ಟೆಯ ಹೊಟ್ಟೆಬಾಕನ ಗೊಂಬೆ, "ಕಾಗದ ಇಲ್ಲಿ ಹಾಕಿ" ಅಂತ ಡಚ್ಚಿನಲ್ಲಿ ಕೂಗುತ್ತದೆ, ಹಾಕಿದರೆ ಎಳೆದುಕೊಳ್ಳುತ್ತದೆ. ಅದಕ್ಕೆ ತಿನ್ನಿಸಲು ಮಕ್ಕಳು ಕಸ ಹುಡುಕಿಕೊಂಡು ಬರುತ್ತಾರೆ. ಕಸದ ಬುಟ್ಟಿಗೂ ಇಷ್ಟು ತಲೆ ಓಡಿಸಿದವರು ಉಳಿದದ್ದನ್ನು ಸುಮ್ನೆ ಬಿಡುವುದಿಲ್ಲ.

ಹೀಗಾಗಿ ಕೈಕಂಬಿ ಮುಟ್ಟಿ ನೋಡಿ. ಬಣ್ಣದ ಮೇಲೆ ಬಣ್ಣ ಬಳಿದು ಉಬ್ಬಿದೆಯಾ, ಕೆರೆದು ಹೊಸದಾಗಿ ಬಳಿದಿದ್ದಾರಾ? ಕತ್ತಲೆ ಸವಾರಿಯಲ್ಲಿ ಗೊಂಬೆಗಳ ಕಣ್ಣು ಆಡುತ್ತಿವೆಯಾ, ಕೈ ಮಾತ್ರ ಆಡಿ ಮುಖ ನಿಂತಿದೆಯಾ? ಮಧ್ಯಾಹ್ನ ಎರಡು ಗಂಟೆಗೆ ನೆರಳಿನಲ್ಲಿರುವ ಖಾಲಿ ಬೆಂಚು ಹುಡುಕಿ, ಎಷ್ಟು ಹೊತ್ತಿಗೆ ಸಿಕ್ಕಿತು ಬರೆದುಕೊಳ್ಳಿ. ಗಾಲಿಕುರ್ಚಿಯಲ್ಲಿ ಬಂದವರು ಎಷ್ಟು ಸವಾರಿ ಹತ್ತಬಹುದು ಅಂತ ಅಲ್ಲಿನವರನ್ನೇ ಕೇಳಿ. ಈ ಒಂದು ವಿಷಯದಲ್ಲಿ ನನ್ನ ಹಳೆಯ ಪಾರ್ಕು ಈಗಿನದರ ಹತ್ತಿರಕ್ಕೂ ಬರುತ್ತಿರಲಿಲ್ಲ.

ತೀರ್ಪು ಬರೆಯುವಾಗ

ಒಂದೇ ಭೇಟಿಗೆ ನಿರ್ಧಾರ ಬೇಡ. ರಜೆಯ ದಿನ ಒಂದು, ಮಾಮೂಲಿ ದಿನ ಒಂದು ಹೋಗಿ. ಜೊತೆಗೆ ಆ ಪಾರ್ಕನ್ನು ಯಾವತ್ತೂ ನೋಡದವರೊಬ್ಬರು ಇರಲಿ. ಅವರಿಗೆ ಹಳೆಯ ಕಥೆ ಹೇಳಬೇಡಿ, ಸಂಜೆ ತನಕ ಬಾಯಿ ಬಿಗಿ ಹಿಡಿಯಿರಿ. ಆಮೇಲೆ ಅವರ ಪಟ್ಟಿ, ನಿಮ್ಮ ಪಟ್ಟಿ ಎರಡನ್ನೂ ಸೇರಿಸಿ, ಒಂದೊಂದು ಸಾಲಿಗೂ ಬೇರೆ ಬೇರೆ ತೀರ್ಪು ಕೊಡಿ.

ನನ್ನ ಪಟ್ಟಿ ಹೀಗಾಯಿತು. ಬೆಲ್ಟು, ಇಳಿಜಾರು ದಾರಿ, ಶೌಚಾಲಯ, ಪುಟ್ಟ ಮಕ್ಕಳ ಸವಾರಿಗಳು ಮೊದಲಿಗಿಂತ ಎಷ್ಟೋ ಮೇಲು. ಕಾಯುವ ಹೊತ್ತು, ಕೂರುವ ಜಾಗ, ವಯಸ್ಸಾದವರಿಗೆ ಸಿಗುವ ಸವಾರಿ ಕೆಳಗೆ ಇಳಿದಿದೆ. ದೋಣಿ ಸವಾರಿಯನ್ನು ಬೇರೆ ಪುಟದಲ್ಲಿ ಬರೆದಿದ್ದೇನೆ, ಯಾಕೆಂದರೆ ಹಳೆಯ ವಿಡಿಯೊದಲ್ಲಿ ನೋಡಿದಾಗ ಅದರ ಅರ್ಧ ಗೊಂಬೆಗಳು ಆಗಲೇ ಅಲುಗಾಡುತ್ತಿರಲಿಲ್ಲ. ನೆರಳಿನ ಬೆಂಚು ಹುಡುಕಲು 25 ನಿಮಿಷ ಆಗಿತ್ತು. ಆ ಸಾಲನ್ನು ದಿನ, ಗಂಟೆ, ಜಾಗದ ಸಮೇತ ಬರೆದು, ಬೆಂಚುಗಳಿದ್ದ ಹಳೆಯ ಫೋಟೊ ಜೊತೆ ಇಟ್ಟು ಪಾರ್ಕಿನ ಆಫೀಸಿಗೆ ಕೊಟ್ಟೆ. ಮುಂದಿನ ಸಲ ಹೋದಾಗ ಕೋಸ್ಟರಿನ ಹಿಂದಿನ ಮರದ ಕೆಳಗೆ ಎರಡು ಬೆಂಚು ಬಂದಿದ್ದವು. ನನ್ನ ಕಾಗದದಿಂದಲೇ ಬಂದವೋ, ಮೊದಲೇ ಯೋಚಿಸಿದ್ದರೋ, ಕೇಳಲಿಲ್ಲ. ಮಗಳೂ ನಾನೂ ಅಲ್ಲಿ ಕೂತು ಸ್ಟಾಪ್‌ವಾಚ್ ಒತ್ತಿದೆವು. 46 ಸೆಕೆಂಡ್.