ಸಾಂತಾ ಕ್ಲಾರಾ ಪ್ರೈಮರಿ: ಚೆಕ್-ಇನ್ ಮೇಜಿನಿಂದ ಕಂಡ ಫಲಿತಾಂಶ

ಕ್ಯಾಲಿಫೋರ್ನಿಯಾದಲ್ಲಿ ವೋಟು ಹಾಕಲು ಅಮೆರಿಕದ ಪೌರತ್ವ ಬೇಕು. ಮತಗಟ್ಟೆಯಲ್ಲಿ ಕೆಲಸ ಮಾಡಲು ಗ್ರೀನ್ ಕಾರ್ಡ್ ಇದ್ದರೂ ಸಾಕು. ಹಾಗಾಗಿ 2020ರ ಮಾರ್ಚ್ 3ರ ಪ್ರೈಮರಿಗೆ, ಅಂದರೆ ಪಕ್ಷಗಳ ಅಧ್ಯಕ್ಷ ಅಭ್ಯರ್ಥಿಯನ್ನು ಆರಿಸುವ ಮತದಾನಕ್ಕೆ, ಸಾಂತಾ ಕ್ಲಾರಾ ಕೌಂಟಿಯಲ್ಲಿ ನಾನೂ ಹೆಸರು ಕೊಟ್ಟೆ. ನಮ್ಮ ಕಡೆ ಬಿ-ಫಾರಂ ಯಾರಿಗೆ ಅಂತ ಹೈಕಮಾಂಡ್ ತೀರ್ಮಾನ ಮಾಡುತ್ತದೆ. ಇಲ್ಲಿ ಪಕ್ಷದ ಅಭ್ಯರ್ಥಿ ಯಾರಾಗಬೇಕು ಅನ್ನುವುದಕ್ಕೂ ಜನ ಸಾಲು ನಿಲ್ಲುತ್ತಾರೆ. ಅದನ್ನು ಹತ್ತಿರದಿಂದ ನೋಡುವ ಆಸೆ ಮೊದಲಿಂದಲೂ ಇತ್ತು.

ನನ್ನ ಕೆಲಸ ಚೆಕ್-ಇನ್ ಮೇಜಿನಲ್ಲಿ. ಹೆಸರು, ವಿಳಾಸ ಕೇಳಿ ಸರಿಯಾದ ಮತಪತ್ರ ಕೊಡುವುದು. ಸುಲಭ ಅನಿಸುತ್ತೆ ಅಲ್ವಾ? ಒಬ್ಬ ಮಹಿಳೆ ಅಂಚೆಯಲ್ಲಿ ಬಂದ ಮತಪತ್ರ ಹಿಡಿದು ಬಂದರು. ಎರಡೂ ಬದಿ ತಿರುಗಿಸಿ ತೋರಿಸಿ, ಅಧ್ಯಕ್ಷರ ಹೆಸರುಗಳೇ ಇಲ್ವಲ್ಲ ಎಂದರು. ಅವರು ಯಾವ ಪಕ್ಷವನ್ನೂ ಹೇಳದೆ ನೋಂದಾಯಿಸಿದ್ದರು. ಅಂಥವರು ಮೊದಲೇ ಕೇಳದಿದ್ದರೆ ಆ ಭಾಗ ಬರುವುದೇ ಇಲ್ಲ. ಅದನ್ನು ವಾಪಸ್ ತೆಗೆದುಕೊಂಡು, ಅವರು ಕೇಳಿದ ಡೆಮಾಕ್ರಟಿಕ್ ಮತಪತ್ರ ಕೊಟ್ಟೆವು. ರಿಪಬ್ಲಿಕನ್ ಮತಪತ್ರ ಬೇಕೆಂದರೆ ಆ ಪಕ್ಷಕ್ಕೇ ನೋಂದಾಯಿಸಬೇಕಿತ್ತು. ಇನ್ನು ಕೆಲವರು 'ಅಮೆರಿಕನ್ ಇಂಡಿಪೆಂಡೆಂಟ್' ಅಂದರೆ ಸ್ವತಂತ್ರರು ಅಂದುಕೊಂಡು ಟಿಕ್ ಹಾಕಿರುತ್ತಾರೆ. ಅದು ಬೇರೆಯೇ ಒಂದು ಪಕ್ಷ! ಅವರಿಗೆ ನೋಂದಣಿ ಬದಲಿಸುವ ಫಾರಂ ಕೊಟ್ಟು ತಾಳ್ಮೆಯಿಂದ ವಿವರಿಸಬೇಕು. ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಕೌಂಟಿಯ ಫಲಿತಾಂಶ ಶುರುವಾಗುವುದೇ ಈ ಮೇಜಿನಿಂದ. ಇಲ್ಲಿ ಯಾರೂ ಸರಿಯಾಗಿ ಹೇಳದಿದ್ದರೆ ಒಬ್ಬರ ವೋಟು ಲೆಕ್ಕಕ್ಕೇ ಬರುವುದಿಲ್ಲ.

ನನಗೆ ತುಂಬಾ ಸಂಕಟವಾದದ್ದು ಬೇಗ ವೋಟು ಹಾಕಿದವರನ್ನು ನೋಡಿ. ಡೆಮಾಕ್ರಟಿಕ್ ಸ್ಪರ್ಧಿಗಳಲ್ಲಿ ಮಾರ್ಚ್ 1ರಂದು ಬುಟಿಜಜ್, ಮರುದಿನ ಕ್ಲೋಬುಚರ್ ಕಣದಿಂದ ಹಿಂದೆ ಸರಿದಿದ್ದರು. ಅವರ ಹೆಸರು ಮತಪತ್ರದಲ್ಲಿ ಹಾಗೇ ಇತ್ತು. ಹಾಕಿದ ವೋಟನ್ನು ಬದಲಿಸಬಹುದಾ ಅಂತ ಜನ ಕೇಳಿದರು. ಕಳಿಸಿಯಾದ ಮೇಲೆ ಆಗುವುದಿಲ್ಲ.

ರಾತ್ರಿ 8ಕ್ಕೆ ಮತದಾನ ಮುಗಿಯುತ್ತದೆ, ಸಾಲಿನಲ್ಲಿ ಇದ್ದವರಿಗೆ ಅವಕಾಶ ಉಂಟು. ಸ್ವಲ್ಪ ಹೊತ್ತಿಗೇ ಮೊದಲ ಅಂಕಿಗಳು ಬರುತ್ತವೆ. ಆದರೆ ಅವುಗಳಲ್ಲಿ ಜಾಸ್ತಿ ಪಾಲು ಮುಂಚೆಯೇ ತಲುಪಿದ ಅಂಚೆ ಮತಗಳು. ಮಾರ್ಚ್ 3ರೊಳಗಿನ ಅಂಚೆ ಮುದ್ರೆ ಇದ್ದು 3 ದಿನದೊಳಗೆ ಬಂದ ಲಕೋಟೆಗಳೂ ಆ ಸಲ ಸೇರಿದವು. ಪ್ರತಿ ಲಕೋಟೆಯ ಸಹಿ ತಾಳೆ ನೋಡಬೇಕು. ಅದೇ ದಿನ ನೋಂದಾಯಿಸಿದವರ ಮತ ಪರಿಶೀಲನೆಯಾಗಿ ಕೊನೆಗೆ ಎಣಿಕೆಯಾಗುತ್ತದೆ. ಕೊನೆಗಳಿಗೆಯಲ್ಲಿ ಮನಸ್ಸು ಮಾಡಿದವರು ಇವರಲ್ಲೇ ಜಾಸ್ತಿ. ಹಾಗಾಗಿ ಮೊದಲ ರಾತ್ರಿಯ ಶೇಕಡಾವಾರು ನೋಡಿ ಯಾರಾದರೂ ಷರಾ ಬರೆದರೆ ನಾನು ನಂಬುವುದಿಲ್ಲ.

ಡೆಮಾಕ್ರಟಿಕ್ ಸ್ಪರ್ಧೆಯಲ್ಲಿ ನಮ್ಮ ಕೌಂಟಿಯಲ್ಲಿ ಮೊದಲ ಸ್ಥಾನ ಪಡೆದವರು ಬರ್ನಿ ಸ್ಯಾಂಡರ್ಸ್. ರಾಜ್ಯದ ಅಂತಿಮ ಲೆಕ್ಕದಲ್ಲಿ ಅವರಿಗೆ ಸುಮಾರು 36%, ಬೈಡನ್‌ಗೆ ಸುಮಾರು 28%. ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳು ಸಿಗಲು ಕನಿಷ್ಠ 15% ಮತ ಬೇಕು. ಬ್ಲೂಮ್‌ಬರ್ಗ್ ರಾಜ್ಯಮಟ್ಟದಲ್ಲಿ 12%ಗೆ ನಿಂತರು. ಎಣಿಕೆ ಇನ್ನೂ ನಡೆಯುತ್ತಿರುವಾಗಲೇ, ಮಾರ್ಚ್ 16ಕ್ಕೆ, ಕೋವಿಡ್‌ನಿಂದ ಮನೆಯಲ್ಲೇ ಇರಿ ಎಂಬ ಆದೇಶ ಬಂತು.

ಗ್ರೀನ್ ಕಾರ್ಡ್ ಇರುವ ಕನ್ನಡದ ಗೆಳೆಯರು ಮುಂದಿನ ಚುನಾವಣೆಗೆ ಕೌಂಟಿಯ ಕಚೇರಿಗೆ ಅರ್ಜಿ ಹಾಕಿ. ತರಬೇತಿ ಅವರೇ ಕೊಡುತ್ತಾರೆ.