ಹಳೇ ಬೇಸ್‌ಬಾಲ್ ಕಾರ್ಡಿಗೆ ಬೆಲೆ ಕಟ್ಟುವುದು ಹೇಗೆ?

ಬೇಸ್‌ಬಾಲ್ ತಾರೆ ಮಿಕ್ಕಿ ಮ್ಯಾಂಟಲ್‌ನ ಚಿತ್ರವಿರುವ, ಟಾಪ್ಸ್ ಕಂಪನಿಯ 1952ರ ಕಾರ್ಡೊಂದು 2022ರಲ್ಲಿ 1.26 ಕೋಟಿ ಡಾಲರಿಗೆ ಹರಾಜಾಯಿತು. ಇಂಥ ಸುದ್ದಿ ಬಂದಾಗಲೆಲ್ಲ ಅಮೆರಿಕದಲ್ಲಿ ಜನ ಚಿಕ್ಕಂದಿನಲ್ಲಿ ಕಾರ್ಡು ತುಂಬಿಟ್ಟ ಹಳೇ ಶೂ ಡಬ್ಬಿಗಳನ್ನು ಅಟ್ಟದಿಂದ ಕೆಳಗಿಳಿಸುತ್ತಾರೆ. ಅಲ್ಲಿರುವ ನಮ್ಮವರಿಗೂ, ಮನೆಯ ಹಳೇ ಸಾಮಾನು ಮಾರುವ ಗರಾಜ್ ಸೇಲ್‌ನಲ್ಲಿ ಅಂಥ ಡಬ್ಬಿ ಸಿಗಬಹುದು. ಆದರೆ ಅದರೊಳಗೆ ಇರುವುದು ಹೆಚ್ಚಾಗಿ 'ಕಾಮನ್', ಅಂದರೆ ಸ್ಟಾರ್ ಅಲ್ಲದ ಆಟಗಾರರ ಕಾರ್ಡು. ಅದಕ್ಕೆ ಬೆಲೆ ನೋಡುವ ಕ್ರಮವೇ ಬೇರೆ. ಉದಾಹರಣೆಗೆ 1971ರ ಟಾಪ್ಸ್ ಕಾರ್ಡನ್ನೇ ತೆಗೆದುಕೊಳ್ಳೋಣ.

ಮೊದಲು ಹಿಂದೆ ತಿರುಗಿಸಿ. ಆಟಗಾರನ ಅಂಕಿಗಳಲ್ಲಿ ಕೊನೆಯ ಸೀಸನ್ 1970 ಆಗಿದ್ದರೆ ಕಾರ್ಡು ಸಾಮಾನ್ಯವಾಗಿ 1971ರದ್ದು, ಯಾಕೆಂದರೆ ಅಚ್ಚಾಗುವ ಹೊತ್ತಿಗೆ ಮುಗಿದಿದ್ದು ಹಿಂದಿನ ವರ್ಷದ ಆಟ ಮಾತ್ರ.

ಆಮೇಲೆ ಅಲ್ಲೇ ಅಚ್ಚಾಗಿರುವ ಕಾರ್ಡಿನ ನಂಬರ್ ನೋಡಿ. ಹೆಸರಿಗಿಂತ ಇದೇ ಮುಖ್ಯ! ಆ ವರ್ಷದ ಸೆಟ್ಟಿನಲ್ಲಿ 752 ಕಾರ್ಡುಗಳಿವೆ. ಆಗ ಟಾಪ್ಸ್ ಎಲ್ಲವನ್ನೂ ಒಟ್ಟಿಗೆ ಬಿಡುತ್ತಿರಲಿಲ್ಲ, ಸೀಸನ್ ಉದ್ದಕ್ಕೂ ಕಂತು ಕಂತಾಗಿ ಬಿಡುತ್ತಿತ್ತು. ಕೊನೆಯ ಕಂತು ಬರುವಷ್ಟರಲ್ಲಿ ಮಕ್ಕಳ ಗಮನ ಅಮೆರಿಕನ್ ಫುಟ್‌ಬಾಲ್ ಕಡೆ ಹೋಗಿರುತ್ತಿತ್ತು, ಅಂಗಡಿಯವರೂ ಕಡಿಮೆ ತರಿಸುತ್ತಿದ್ದರು. ಹಾಗಾಗಿ 644ರಿಂದ 752ರವರೆಗಿನವು ಕಡಿಮೆ ಸಿಗುತ್ತವೆ. ಯಾರಿಗೂ ನೆನಪಿಲ್ಲದ ಆಟಗಾರನಾದರೂ 700ರ ಆಸುಪಾಸಿನ ಕಾರ್ಡಿಗೆ ನೂರರ ಆಸುಪಾಸಿನದಕ್ಕಿಂತ ಜಾಸ್ತಿ ಬೆಲೆ.

ಈಗ ಕಾರ್ಡಿನ ಸ್ಥಿತಿ. 1971ರದ್ದಕ್ಕೆ ಸುತ್ತ ಕಪ್ಪು ಅಂಚು, ಸ್ವಲ್ಪ ಸವೆದರೂ ಬಿಳಿ ಕಾಗದ ಇಣುಕುತ್ತದೆ. ನಾಲ್ಕೂ ಮೂಲೆ, ಅಂಚು, ಚಿತ್ರ ಮಧ್ಯಕ್ಕೆ ಕೂತಿದೆಯೇ, ಮೇಲ್ಮೈ ಹೇಗಿದೆ ಎಲ್ಲವನ್ನೂ ನೋಡಿ. ದೀಪದ ಕೆಳಗೆ ವಾರೆಯಾಗಿ ಹಿಡಿದರೆ ಮಡಿಕೆ ಗೆರೆ ಕಾಣುತ್ತದೆ. ಒಂದು ಮಡಿಕೆ ಇದ್ದರೂ ಬೆಲೆ ಕುಸಿಯುತ್ತದೆ. ಅಂಚನ್ನು ಪಕ್ಕದಿಂದಲೂ ನೋಡಿ, ಸವೆದ ಕಡೆ ಕಪ್ಪು ಮಾರ್ಕರ್ ಬಳಿದು ಮಾರುವ ಜಾಣರಿದ್ದಾರೆ. ಅಳತೆ ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ. ಅದಕ್ಕಿಂತ ಚಿಕ್ಕದಿದ್ದು ಮೂಲೆ ಮಾತ್ರ ಚೂಪಾಗಿದ್ದರೆ ಯಾರೋ ಕತ್ತರಿಸಿರಬಹುದು ಅಂತ ಅನುಮಾನಪಡಿ. ನೀವಂತೂ ಒರೆಸಲು, ಪೆನ್ಸಿಲ್ ಗುರುತು ಅಳಿಸಲು ಹೋಗಬೇಡಿ.

ಬೆಲೆ ತಿಳಿಯಲು ಇಬೇ ಜಾಲತಾಣದಲ್ಲಿ ಮಾರಾಟವಾದ ಕಾರ್ಡುಗಳನ್ನು ಮಾತ್ರ ತೋರಿಸುವ ಫಿಲ್ಟರ್ ಹಾಕಿ. ಕೇಳುವ ಬೆಲೆ ಎಷ್ಟು ಬೇಕಾದರೂ ಇರಬಹುದು, ಕೊಟ್ಟಿದ್ದು ಎಷ್ಟು ಅನ್ನೋದು ತಾನೇ ಲೆಕ್ಕ? ಅದೇ ವರ್ಷ, ಅದೇ ನಂಬರ್, ಅದೇ ಸ್ಥಿತಿಯ ನಾಲ್ಕಾರು ಮಾರಾಟ ನೋಡಿ, ತೀರಾ ಹೆಚ್ಚಿನದನ್ನೂ ತೀರಾ ಕಡಿಮೆಯದನ್ನೂ ಬಿಡಿ. ಪಿಎಸ್‌ಎಯಂಥ ಸಂಸ್ಥೆಗಳು ಶುಲ್ಕ ತೆಗೆದುಕೊಂಡು ಕಾರ್ಡಿನ ಸ್ಥಿತಿ ಪರೀಕ್ಷಿಸಿ ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುತ್ತವೆ, ಇದೇ ಗ್ರೇಡಿಂಗ್. ಪಿಎಸ್‌ಎ 8 ಅಂತ ಗ್ರೇಡ್ ಆದ ಕಾರ್ಡಿನ ಬೆಲೆಯನ್ನು ಗ್ರೇಡ್ ಆಗದ ನಿಮ್ಮ ಕಾರ್ಡಿಗೆ ಹಚ್ಚಬೇಡಿ.

ಹಾಗಾದರೆ ಗ್ರೇಡಿಂಗ್ ಮಾಡಿಸಬೇಕಾ? ಸವೆದ ಕಾಮನ್ ಕಾರ್ಡಿಗೆ ಖಂಡಿತ ಬೇಡ, ಶುಲ್ಕವೇ ಕಾರ್ಡಿನ ಬೆಲೆಗಿಂತ ಜಾಸ್ತಿಯಾಗುತ್ತದೆ. ಆದರೆ ಕಪ್ಪು ಅಂಚು ಸ್ವಲ್ಪವೂ ಕಿತ್ತಿಲ್ಲದಿದ್ದರೆ ಮಾತು ಬೇರೆ. ಗ್ರೇಡ್ ಆದ ಕಾರ್ಡುಗಳಲ್ಲೇ ಇಡೀ ಸೆಟ್ ಕೂಡಿಸುವವರಿದ್ದಾರೆ. 1971ರಲ್ಲಿ 9ರ ಗ್ರೇಡ್ ಸಿಗುವುದೇ ಕಷ್ಟವಾದ್ದರಿಂದ ಹೆಸರಿಲ್ಲದ ಆಟಗಾರನ ಕಾರ್ಡಿಗೂ ಅವರು ಪೈಪೋಟಿ ಮಾಡುತ್ತಾರೆ.

ಅಂಥವನ್ನೂ 644ರ ಮೇಲಿನವನ್ನೂ ಬೇರೆ ತೆಗೆದಿಡಿ. 513ನೇ ನಂಬರಿನ ನೋಲನ್ ರಯಾನ್, 5ನೇ ನಂಬರಿನ ಥರ್ಮನ್ ಮನ್ಸನ್ ಕಾರ್ಡು ಸಿಕ್ಕರೆ ಅವು ಸ್ಟಾರ್‌ಗಳವು, ಕಾಮನ್ ಅಲ್ಲ, ಅವನ್ನೂ ಬೇರೆ ಇಡಿ. ಉಳಿದಿದ್ದನ್ನು ಒಂದೊಂದಾಗಿ ಮಾರಿದರೆ ಅಂಚೆ ಖರ್ಚೂ ಹುಟ್ಟಲ್ಲ, ವರ್ಷದ ಪ್ರಕಾರ ಕಟ್ಟು ಮಾಡಿ ಒಟ್ಟಿಗೇ ಕೊಡಿ.